ಹೆಣ್ಣುಮಕ್ಕಳು ಇಲ್ಲ

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಮುಸರತ್‌ಗೆ ಸಮಾಧಾನವಿರಲಿಲ್ಲ. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದೊಳಗೆ ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಒಂದು ಹಾಳೆಯ ನಕಲು. ಹಾಳೆ ಅಲ್ಲೇ ಇದೆಯೋ ಇಲ್ಲವೋ ಎಂದು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ, ಬಸ್ಸು ಹತ್ತಿದ ಮೇಲೆ ಒಂದು ಸಲ ತೆಗೆದು ನೋಡಿದ್ದಳು. ಎಲ್ಲಾದರೂ ಬಿದ್ದುಹೋಗಿದ್ದರೆ ಚೆನ್ನಾಗಿತ್ತು ಎಂಬ ಆಸೆಯಿಂದಲೇ ಹೀಗೆ ನೋಡುತ್ತಿದ್ದೇನೆಂದು ಮೂರನೇ ಸಲಕ್ಕೆ ಹೊಳೆದು ತನ್ನ ಬಗ್ಗೆಯೇ ನಾಚಿಕೆಯಾಯಿತು. ಐವತ್ತೈದು ವರ್ಷ ವಯಸ್ಸು, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಈಗ ಊರಿನ ಚರಿತ್ರೆ ಬರೆಯುವ ಸಮಿತಿಯಲ್ಲಿ ಮಂಡಕ್ಕಿ ಭಟ್ಟಿ ಬಡಾವಣೆಯ ಭಾಗ ಹೊತ್ತವಳು, ಒಂದು ದಾಖಲೆ ಕಳೆದುಹೋಗಲಿ ಎಂದು ಬಯಸುತ್ತಿದ್ದಳು. ಹಾಳೆಯಲ್ಲಿ ಇದ್ದದ್ದಾದರೂ ಏನು? ಅವಳ ಅಜ್ಜ ಮೌಲಾ ಸಾಬ್ ತೀರಿಕೊಂಡ ಮರುವರ್ಷ, ಮನೆಯ ಖಾತೆ ಬದಲಾಯಿಸಲು ಕಚೇರಿಗೆ ಕೊಟ್ಟ ವಂಶವೃಕ್ಷ. ಮೇಲೆ ಅಜ್ಜನ ಹೆಸರು. ಕೆಳಗೆ, ಗಂಡುಮಕ್ಕಳು ಇಬ್ಬರು ಎಂದು ಅಬ್ಬಾನ ಮತ್ತು ಚಿಕ್ಕಪ್ಪನ ಹೆಸರು. ಅದರ ಕೆಳಗೆ ಇನ್ನೊಂದು ಸಾಲು: ಹೆಣ್ಣುಮಕ್ಕಳು ಇಲ್ಲ.

ಹಾಳೆಯನ್ನು ತಂದುಕೊಟ್ಟವನು ಸಮಿತಿಯ ಕೊಟ್ಟೂರೇಶ್. ಚುರುಕಿನ ಹುಡುಗ, ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕ. ಭಟ್ಟಿ ಬಡಾವಣೆಯ ಹತ್ತು ಹಳೆಯ ಮನೆತನಗಳ ಕಾಗದ ಪತ್ರ ಹುಡುಕಿ ತಾ ಎಂದು ಅವನಿಗೆ ಹೇಳಿದ್ದವಳು ಅವಳೇ. ಕಳೆದ ವಾರ ಬಂದು ಫೋಲ್ಡರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ನಿಮ್ಮ ಮನೆಯದೂ ಸಿಕ್ಕಿತು ಮೇಡಂ, ಅಕ್ಷರ ಎಷ್ಟು ಚೆಂದ ನೋಡಿ, ಆಗಿನ ಬಾಂಡ್ ರೈಟರುಗಳು ಹೇಗೆ ಬರೆಯುತ್ತಿದ್ದರು ಎಂದು ಹೊಗಳಿದ. ಮುಸರತ್ ಕನ್ನಡಕ ತೆಗೆದು ಒರೆಸಿಕೊಂಡಳು. ಹೌದು, ಚೆಂದ ಇದೆ ಅಂದಳು. ಅದು ತನ್ನ ಅಕ್ಷರ ಅನ್ನಲಿಲ್ಲ. ಅನ್ನದೇ ಇರಲು ಎಷ್ಟು ಸುಲಭವಾಗಿತ್ತೆಂದರೆ, ಅವನು ಟೀ ಕುಡಿದು ಹೋದ ಮೇಲೂ ಅವಳು ಬೇರೆ ಒಂಬತ್ತು ಮನೆತನಗಳ ಕಾಗದಗಳನ್ನು ಶಾಂತವಾಗಿ ನೋಡುತ್ತ ಕುಳಿತಿದ್ದಳು.

ಊರಿನ ಇತಿಹಾಸದ ವಿಷಯದಲ್ಲಿ ಮುಸರತ್ ಟೀಚರ್ ಬಹಳ ಕಟ್ಟುನಿಟ್ಟು ಎಂದು ಸಮಿತಿಯವರೆಲ್ಲ ಹೆದರುತ್ತಿದ್ದರು. ಹಳೆಯ ಘಟನೆಯೊಂದಕ್ಕೆ ಯಾರೋ ದಾವಣಗೆರೆ ಜಿಲ್ಲೆ ಎಂದು ಬರೆದಿದ್ದಕ್ಕೆ, ಆಗ ನಾವು ಚಿತ್ರದುರ್ಗ ಜಿಲ್ಲೆಯಲ್ಲಿದ್ದೆವು, ಜಿಲ್ಲೆಯಾಗಿದ್ದು ತೊಂಬತ್ತೇಳರಲ್ಲಿ ಎಂದು ತುಂಬಿದ ಸಭೆಯಲ್ಲೇ ತಿದ್ದಿದ್ದಳು. ಕುಕ್ಕುವಾಡದಿಂದ ಗಾಡಿಯಲ್ಲಿ ಭತ್ತ ಬರುತ್ತಿದ್ದ ದಾರಿಯನ್ನು ಯಾವನೋ ಅಂದಾಜಿನ ಮೇಲೆ ಗೀಟು ಹಾಕಿ ತೋರಿಸಿದ್ದಕ್ಕೆ, ಆ ದಾರಿಯಲ್ಲಿ ತಾನೇ ಬಿಸಿಲಲ್ಲಿ ನಡೆದುಹೋಗಿ ನಕ್ಷೆ ಬದಲಾಯಿಸಿದ್ದಳು. ದಾಖಲೆ ಇಲ್ಲದ ಒಂದು ಹೆಸರೂ ಪುಸ್ತಕದಲ್ಲಿ ಬರಕೂಡದು ಅನ್ನುವ ನಿಯಮವೂ ಅವಳದೇ. ಅಜ್ಜ ಹೇಳುತ್ತಿದ್ದರು, ಅತ್ತೆ ನೋಡಿದ್ದರು ಅನ್ನುವ ಮಾತುಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುವಾಗ ಅವಳಿಗೆ ಒಂದು ಬಗೆಯ ಸುಖವೂ ಸಿಗುತ್ತಿತ್ತು. ಈಗ ಆ ನಿಯಮದ ಪ್ರಕಾರ ಅಜ್ಜನಿಗೆ ಹೆಣ್ಣುಮಕ್ಕಳೇ ಇರಲಿಲ್ಲ. ಆದರೆ ಅಜ್ಜನ ಒಬ್ಬಳೇ ಮಗಳು, ಅಬ್ಬಾನ ಅಕ್ಕ ಅಮೀನಾಬೀ, ಮುಸರತ್‌ಳ ಫುಪ್ಪು, ಹರಿಹರದಲ್ಲಿ ಎಂಬತ್ತನಾಲ್ಕು ವರ್ಷ ದಾಟಿ ಕುಳಿತಿದ್ದರು. ಬಸ್ಸು ಊರು ಬಿಡುವ ಹೊತ್ತಿಗೆ ಕೊಟ್ಟೂರೇಶನ ಫೋನು ಬಂತು.

"ಮೇಡಂ, ನಿಮ್ಮ ಮನೇದು ಒಂದೇ ಬಾಕಿ ನೋಡ್ರಿ. ಎರಡು ಗಂಡು, ಹೆಣ್ಣಿಲ್ಲ. ಹಾಕಿಬಿಡಲೇನ್ರಿ?"

"ತಡೀರಿ. ಒಂದು ಸಂಶಯ ಐತೆ," ಅಂದಳು.

ಸಂಶಯ! ಎಂಥ ಮರ್ಯಾದಸ್ಥ ಮಾತು. ತನಗೆ ಸಂಶಯವೇನೂ ಇರಲಿಲ್ಲ. ಆ ಬೆಳಿಗ್ಗೆ ನೆನಪಿದೆ, ಬೇಕಾಗಿದ್ದಕ್ಕಿಂತ ಚೆನ್ನಾಗಿಯೇ ನೆನಪಿದೆ. ಇಪ್ಪತ್ತೆರಡು ವರ್ಷ, ಬಿ.ಎ. ಪಾಸಾಗಿ ಆರು ತಿಂಗಳು, ಮನೆಯಲ್ಲಿ ಓದು ಬರಹ ಪೂರ್ತಿ ಬಲ್ಲವಳು ತಾನೊಬ್ಬಳೇ ಎಂಬ ಜಂಬ. ಹೊರಗೆ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದು ಸಿಡಿಯುವ ಸದ್ದು, ಹೊಟ್ಟಿನ ಹೊಗೆ. ಮನೆಯಲ್ಲೇ ಓದಿದ ಮಗಳಿರುವಾಗ ಬಾಂಡ್ ರೈಟರ್ ಯಾಕೆ ಎಂದು ಅಬ್ಬಾ ಹಾಳೆ ತಂದು ಮುಂದಿಟ್ಟಿದ್ದರು. ಹನ್ನೊಂದು ಗಂಟೆಗೆ ಕಚೇರಿಗೆ ಕೊಡಬೇಕಿತ್ತು. ಅಕ್ಕನ ಹೆಸರು ಹಾಕಿದರೆ ಅವಳ ಒಪ್ಪಿಗೆಯ ಸಹಿ ಬೇಕು, ಅವಳ ಗಂಡ ಬಂದು ಕೂತರೆ ಕೆಲಸ ಕೆಡುತ್ತದೆ, ಸದ್ಯಕ್ಕೆ ಇಲ್ಲ ಅಂತ ಬರಿ, ಆಮೇಲೆ ಸೇರಿಸೋಣ ಎಂದರು ಅಬ್ಬಾ. ಯಾವುದೋ ಮದುವೆಯಲ್ಲಿ ಊಟಕ್ಕೆ ಎಬ್ಬಿಸಲಿಲ್ಲ ಎಂದು ಫುಪ್ಪುವಿನ ಗಂಡನಿಗೂ ಅಬ್ಬಾನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಬಹಳ ಮನೆಗಳಲ್ಲಿ ಹೀಗೆಯೇ ಆಗುತ್ತಿತ್ತು. ಕೊಟ್ಟ ಹೆಣ್ಣುಮಕ್ಕಳು ಕಾಗದದಲ್ಲಿ ಇರುತ್ತಿರಲಿಲ್ಲ, ಹಬ್ಬಕ್ಕೆ ಮಾತ್ರ ಬಂದುಹೋಗುತ್ತಿದ್ದರು. ಅಮ್ಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಮೀನಾ ಇಲ್ಲೇನು ಹಂಗಾದ್ರೆ ಅಂದಳು. ಅಬ್ಬಾ ಸುಮ್ಮನಿರು ಅಂದರು. ಅಮ್ಮಿ ಅಬ್ಬಾನನ್ನು ಬಿಟ್ಟು ಮಗಳ ಕಡೆ ತಿರುಗಿದಳು.

"ಇದ್ದೋರನ್ನ ಇಲ್ಲ ಅಂತ ಬರಿಬ್ಯಾಡ ಮುಸ್ಸು."

ಮುಸರತ್ ತಲೆ ಎತ್ತಲಿಲ್ಲ. ಪೆನ್ನಿಗೆ ಆಗಷ್ಟೇ ಇಂಕು ತುಂಬಿದ್ದಳು, ಗೆರೆ ಸೊಟ್ಟಗಾಗಬಾರದೆಂಬ ಚಿಂತೆಯಲ್ಲಿದ್ದಳು. ಹೆಬ್ಬೆಟ್ಟು ಒತ್ತುವ ಹೆಂಗಸು ಕಾನೂನು ಹೇಳಲು ಬಂದಳಲ್ಲ ಎಂದು ಸಿಟ್ಟೂ ಬಂದಿತ್ತು. ಆ ಸಿಟ್ಟಿನಲ್ಲಿಯೇ 'ಇಲ್ಲ' ಎಂಬ ಎರಡು ಅಕ್ಷರವನ್ನು ಉಳಿದೆಲ್ಲ ಅಕ್ಷರಗಳಿಗಿಂತ ಮುತುವರ್ಜಿಯಿಂದ ಬರೆದಳು. ನಕಲಿನಲ್ಲಿಯೂ ಅದು ಕಾಣುತ್ತಿತ್ತು. ಬೇರೆಯವರಿಗೆ ಕಾಣಲಾರದು, ಅವಳಿಗೆ ಕಾಣುತ್ತಿತ್ತು.

ಬಸ್ಸಿನ ಕಂಡಕ್ಟರ್ ಆಧಾರ್ ಕೇಳಿದ. ಕೊಟ್ಟಳು. ಅವನು ಅದನ್ನು ಅವಳ ಮುಖಕ್ಕೆ ಹೋಲಿಸಿ ನೋಡಿ ತಿರುಗಿ ಕೊಟ್ಟ. ನೀನು ನೀನೇ ಎಂದು ಒಬ್ಬರು ಒಪ್ಪಿಕೊಳ್ಳುವುದು ಇಷ್ಟೇ ಹೊತ್ತಿನ ಕೆಲಸ ಅನ್ನಿಸಿತು. ಅಮ್ಮಿಗೆ ಆ ಭಾಗ್ಯ ಸಿಗಲಿಲ್ಲ. ಖಾತೆಯಾಗಿ ಮನೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಹೋದದ್ದು ಹರಿಹರಕ್ಕೆ ಗೊತ್ತಾದಾಗ ಫುಪ್ಪು ಬಹಳ ಅತ್ತರಂತೆ, ಆದರೆ ತಮ್ಮಂದಿರನ್ನು ಬೈಯಲಿಲ್ಲ. ಬೈದದ್ದು ಅಮ್ಮಿಯನ್ನು: ಲೋಕಿಕೆರೆಯಿಂದ ಬಂದ ಸೊಸೆ ಹಜೀರಾ ನನ್ನನ್ನು ನನ್ನ ಅಪ್ಪನ ಮನೆಯಿಂದ ಅಳಿಸಿದಳು ಎಂದರಂತೆ. ಈ ಮಾತು ಮದುವೆ, ಮುಂಜಿ, ಮಯ್ಯತ್ತುಗಳಲ್ಲಿ ಸುತ್ತಿ ಸುತ್ತಿ ಭಟ್ಟಿಯ ಮನೆಗೆ ಬಂತು. ಅಬ್ಬಾ ಕೇಳಿಸಿಕೊಂಡು ಪೇಪರ್ ಓದಿದರು. ಚಿಕ್ಕಪ್ಪ ಎದ್ದು ಹೊರಗೆ ಹೋದರು. ಅಮ್ಮಿ ರೊಟ್ಟಿ ತಟ್ಟುತ್ತಿದ್ದಳು, ತಟ್ಟುತ್ತಲೇ ಇದ್ದಳು. ಮುಸರತ್ ಆಗ ಬಿ.ಇಡಿ. ಓದುತ್ತಿದ್ದಳು, ಅವಳಿಗೆ ಓದುವುದಿತ್ತು. ಎಲ್ಲರಿಗೂ ಅನುಕೂಲವಾಗಿದ್ದ ಸುಳ್ಳು ಅದು. ಹೊರಗಿನಿಂದ ಬಂದವಳ ತಲೆಗೆ ಕಟ್ಟಿದರೆ ಒಳಗಿನವರು ಒಬ್ಬರ ಮುಖ ಒಬ್ಬರು ನೋಡಬಹುದಿತ್ತು.

ಹದಿನೈದು ವರ್ಷದ ಹಿಂದೆ ಅಮ್ಮಿ ಹಾಸಿಗೆ ಹಿಡಿದಾಗ ಎಲ್ಲರಿಂದ ಮಾಫಿ ಕೇಳಿಕೊಂಡಳು. ಸಾಯುವ ಮುಂಚೆ, ಹಜ್‌ಗೆ ಹೋಗುವ ಮುಂಚೆ, ಹೇಳಿದ್ದು ಕೇಳಿದ್ದು ಎಲ್ಲ ಮಾಫ್ ಮಾಡಿ ಎಂದು ನೆಂಟರನ್ನು, ಓಣಿಯವರನ್ನು ಕರೆದು ಕೇಳಿಕೊಳ್ಳುವುದುಂಟು. ಭತ್ತ ತರುತ್ತಿದ್ದ ಕರಿಯಣ್ಣನನ್ನೂ ಕರೆಸಿ ಕೇಳಿದಳು, ಅವನು ನನಗೇನು ಮಾಡೀಯವ್ವ ತಾಯಿ ಎಂದು ಕಣ್ಣು ಒರೆಸಿಕೊಂಡ. ಹರಿಹರಕ್ಕೆ ಮುಸರತ್‌ಳ ತಮ್ಮ ಜುಬೇರ್‌ನನ್ನು ಕಳಿಸಿದಳು. ಫುಪ್ಪು ಬರಲಿಲ್ಲ. ಮಾಫ್ ಮಾಡಿದೆ ಎಂದೂ ಹೇಳಿ ಕಳಿಸಲಿಲ್ಲ. ಅಮ್ಮಿ ಮೂರು ದಿನ ಬಾಗಿಲ ಕಡೆ ನೋಡಿದಳು. ಹದಿನಾಲ್ಕು ಕಿಲೋಮೀಟರು, ಮುಸರತ್ ತಾನೇ ಹೋಗಿ ಬರೆದವಳು ನಾನು ಅನ್ನಬಹುದಿತ್ತು. ಎಸ್ಸೆಸ್ಸೆಲ್ಸಿ ಪೇಪರಿನ ಮೌಲ್ಯಮಾಪನ ಇದೆ ಎಂದುಕೊಂಡಳು. ಮೌಲ್ಯಮಾಪನ ನಿಜವಾಗಿಯೂ ಇತ್ತು. ಆ ದಿನಗಳಲ್ಲಿ ಒಂದು ಅರ್ಧ ಅಂಕವನ್ನೂ ತಪ್ಪಾಗಿ ಕೂಡಿಸಿರಲಿಲ್ಲ ಅವಳು. ಅಮ್ಮಿ ಹೋದ ಮರುವರ್ಷ ಅಬ್ಬಾನೂ ತೀರಿಕೊಂಡರು, ಅವರ ಮಯ್ಯತ್ತಿಗೆ ಫುಪ್ಪು ಬಂದು ಎದೆ ಬಡಿದುಕೊಂಡು ಅತ್ತರು, ಮುಸರತ್‌ಳನ್ನು ತಬ್ಬಿಕೊಂಡರು. ಆಮೇಲಿಂದ ಪ್ರತಿ ಈದ್‌ಗೆ ಅವಳು ಹರಿಹರಕ್ಕೆ ಹೋಗುತ್ತಾಳೆ. ಫುಪ್ಪು ಅವಳ ತಲೆ ಸವರಿ, ನಮ್ಮ ಮನೆತನಕ್ಕೆ ನೀನೊಬ್ಬಳೇ ಬೆಳಕು ಅನ್ನುತ್ತಾರೆ. ಆ ಮಾತನ್ನು ಅವಳು ಬೇಡ ಅಂದದ್ದಿಲ್ಲ.

ಇವತ್ತು ಹೊರಟದ್ದೂ ದೊಡ್ಡ ಧೈರ್ಯ ಮಾಡಿ ಅಲ್ಲ. ಫುಪ್ಪುವಿನ ಮದುವೆಯ ಕಾಗದ, ನಿಕಾಹ್‌ನಾಮೆ, ಇದ್ದೇ ಇರುತ್ತದೆ. ಅದರಲ್ಲಿ ಅಮೀನಾಬೀ, ತಂದೆ ಮೌಲಾ ಸಾಬ್ ಎಂದು ಬರೆದಿರುತ್ತದೆ. ಆ ಒಂದು ದಾಖಲೆ ಸಿಕ್ಕರೆ ಸಾಕು, ವಂಶವೃಕ್ಷದಲ್ಲಿ ಹೆಸರು ಸೇರಿಸಬಹುದು, ಹಳೆಯ ಹಾಳೆಯ ಮಾತೇ ಎತ್ತಬೇಕಿಲ್ಲ. ಪುಸ್ತಕ ಸರಿಯಾಗುತ್ತದೆ, ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ಹೊಳೆ ಕಡೆ ಇಳಿಯುವ ಓಣಿಯಲ್ಲಿ ನಡೆಯುತ್ತ ಈ ಲೆಕ್ಕಾಚಾರ ಅವಳಿಗೆ ಎಷ್ಟು ಜಾಣತನದ್ದಾಗಿ ಕಂಡಿತೋ ಅಷ್ಟೇ ಹೇಸಿಗೆಯದ್ದಾಗಿಯೂ ಕಂಡಿತು. ತುಂಗಭದ್ರೆಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳ ಮೇಲೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು.

ಫುಪ್ಪು ಪಡಸಾಲೆಯ ಮಂಚದ ಮೇಲೆ ಕುಳಿತು ಅಡಕತ್ತರಿಯಲ್ಲಿ ಅಡಕೆ ಕತ್ತರಿಸುತ್ತಿದ್ದರು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಏನು ಬಂದೆ ಎಂದು ನಕ್ಕರು. ಮೊಮ್ಮಗನ ಹೆಂಡತಿ ಫಿಜಾ ನೀರು ತಂದಿಟ್ಟು ಟೀಗೆ ಇಟ್ಟಳು. ಪುಸ್ತಕದ ಸಲುವಾಗಿ ನಾಲ್ಕು ಮಾತು ಕೇಳಬೇಕಿತ್ತು ಎಂದು ಮುಸರತ್ ನೋಟ್‌ಬುಕ್ ತೆಗೆದಳು. ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಮಾತು ಸಾಗಿತು, ಅವರ ಮನೆಯಲ್ಲಿ ಮೊದಲಿನಿಂದ ಹಾಗೆಯೇ. ಕೇಳಬೇಕಾದ್ದನ್ನು ಬಿಟ್ಟು ಅವಳು ಬೇರೆಲ್ಲ ಕೇಳಿದಳು. ಮೊದಲ ಭಟ್ಟಿ ಕಟ್ಟಿದಾಗ ಎಷ್ಟು ಒಲೆ ಇದ್ದವು, ಮರಳು ಎಲ್ಲಿಂದ ಬರುತ್ತಿತ್ತು, ಭತ್ತ ಬೇಯಿಸುವ ಹಂಡೆ ಯಾರ ಮನೆಯದು. ಫುಪ್ಪು ಒಂದೊಂದಕ್ಕೂ ತಡೆದು, ನೆನಪು ಮಾಡಿಕೊಂಡು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದರು. ಇಂಥ ಸಾಕ್ಷಿ ತನಗೆ ದಾವಣಗೆರೆಯಲ್ಲಿ ಇನ್ನೊಬ್ಬರು ಸಿಕ್ಕಿಲ್ಲ ಅನ್ನಿಸಿತು ಮುಸರತ್‌ಗೆ. ಮನೆಯ ಪಡುವಣಕ್ಕಿದ್ದ ಬಾವಿ ಎಂದು ಅವಳು ಏನೋ ಹೇಳಹೊರಟಾಗ ಫುಪ್ಪು ಅಡಕತ್ತರಿ ಕೆಳಗಿಟ್ಟರು. ಪಡುವಣ ಅಲ್ಲ, ಮೂಡಲು ಎಂದರು. ಮುಸರತ್ ಮೆಲ್ಲಗೆ, ಪುಸ್ತಕದಲ್ಲಿ ಹಾಗೇ ಬರೆದಿದ್ದೇನೆ, ನಕ್ಷೆಯಲ್ಲೂ ಹಾಗೇ ಇದೆ ಎಂದಳು. ಫುಪ್ಪು ಎದ್ದು ನಿಂತು ಹಗ್ಗ ಹಿಡಿದವರಂತೆ ಕೈಯೆತ್ತಿ ತೋರಿಸಿದರು. ಬೆಳಿಗ್ಗೆ ನೀರು ಸೇದುವಾಗ ಮುಖ ಮನೆಯ ಕಡೆ, ಬಿಸಿಲು ಬೆನ್ನಿಗೆ. ನಿನ್ನ ನಕ್ಷೆ ಬರೆದವನು ಯಾವತ್ತಾದರೂ ನೀರು ಸೇದಿದ್ದನೇನು ಎಂದು ಕೇಳಿದರು. ನಕ್ಷೆ ಬರೆದವಳು ನೋಟ್‌ಬುಕ್‌ನಲ್ಲಿ ತಿದ್ದಿಕೊಂಡಳು. ಬಾವಿ ಮುಚ್ಚಿದಾಗ ಅವಳು ಹುಟ್ಟಿರಲಿಲ್ಲ, ಆದರೂ ಕೆನ್ನೆ ಬಿಸಿಯಾಯಿತು.

ಟೀ ಬಂತು. ಇನ್ನು ಕೇಳಲು ಏನೂ ಉಳಿದಿರಲಿಲ್ಲ. ನಿಮ್ಮ ನಿಕಾಹ್‌ನಾಮೆ ಇದ್ದರೆ ಒಂದು ಫೋಟೊ ತೆಗೆದುಕೊಳ್ಳುತ್ತೇನೆ, ಪುಸ್ತಕದಲ್ಲಿ ನಿಮ್ಮ ಹೆಸರು ಬರಬೇಕು ಎಂದಳು, ದನಿ ಸಹಜವಾಗಿರುವಂತೆ ನೋಡಿಕೊಂಡು. ಫುಪ್ಪು ಬಸಿಯಲ್ಲಿ ಟೀ ಆರಿಸಿಕೊಂಡು ಕುಡಿದರು.

"ಅದು ನನ್ನ ಹತ್ರ ಎಲ್ಲೈತೆ? ನಿಮ್ಮಮ್ಮನ ಕೈಗೆ ಕೊಟ್ಟಿದ್ದೆ. ನಮ್ಮ ಅಬ್ಬಾನ ಮನೆ ಕಾಗದ ಮಾಡ್ತಾರೆ ಅಂತ ಗೊತ್ತಾತು. ನನ್ನ ಹೆಸರೂ ಇರ್ಲಿ ಅಂತ, ಗಂಡಗೆ ಹೇಳ್ದೆ ಬಂದು, ಹಿತ್ಲ ಬಾಗಿಲಾಗೆ ನಿಂತು ಆಕಿ ಕೈಯಾಗೇ ಇಟ್ಟೆ. ತಿರುಗಿ ಕೊಡ್ಲೇ ಇಲ್ಲ."

ಬಸಿ ಕೆಳಗಿಟ್ಟರು. ಮನೆ ಬೇಕಿರಲಿಲ್ಲ ನನಗೆ ಎಂದರು. ಆ ಕಾಗದವನ್ನು ಆಕೆ ಮುಚ್ಚಿಟ್ಟಳಲ್ಲ, ಅದನ್ನು ಹೆಂಗೆ ಮರೆಯಲಿ ಎಂದರು. ಅಷ್ಟು ವರ್ಷದ ಕಹಿ ದನಿಯಲ್ಲಿ ಹಾಗೇ ಇತ್ತು, ಸ್ವಲ್ಪವೂ ಮಾಸಿರಲಿಲ್ಲ.

ಮುಸರತ್‌ಗೆ ಆ ಬೆಳಗಿನ ಮೇಜು ಕಂಡಿತು. ಹಳೆಯ ಮೇಜು, ಮೇಲೆಲ್ಲ ಚಾಕುವಿನ ಗೀರುಗಳು. ಅಮ್ಮಿ ಬಾಗಿಲಲ್ಲಿ ನಿಂತಿದ್ದಳು ಎಂದೇ ಇಷ್ಟು ವರ್ಷ ನೆನಪು ಮಾಡಿಕೊಂಡಿದ್ದಳು. ಆದರೆ ಅಮ್ಮಿ ಬಾಗಿಲಲ್ಲೇ ನಿಲ್ಲಲಿಲ್ಲ. ಒಳಗೆ ಬಂದು, ಸೆರಗಿನಿಂದ ಒಂದು ಮಡಿಚಿದ ಕಾಗದ ತೆಗೆದು ಮಗಳ ಮೊಣಕೈ ಹತ್ತಿರ ಇಟ್ಟಿದ್ದಳು. ಇದನ್ನು ನೋಡಿ ಬರಿ ಅಂದಿದ್ದಳು. ಉರ್ದು ಅಕ್ಷರಗಳು, ಹಳದಿ ಕಾಗದ. ಗೀರುಗಳ ಮೇಲೆ ಪೆನ್ನು ಸಿಕ್ಕಿಕೊಳ್ಳುತ್ತಿತ್ತು. ಮುಸರತ್ ಆ ಮಡಿಚಿದ ಕಾಗದವನ್ನು ಬಿಚ್ಚಿ, ಓದದೆ, ತಾನು ಬರೆಯುತ್ತಿದ್ದ ಹಾಳೆಯ ಕೆಳಗೆ ಮೆತ್ತಗೆ ಇರಲೆಂದು ಹಾಸಿಕೊಂಡಳು. ಅದರ ಮೇಲೆ ಹಾಳೆಯಿಟ್ಟು ಬರೆದಳು. ಇದು ನೆನಪೋ, ಈಗ ಈ ಮಂಚದ ಎದುರು ಕೂತು ಕಟ್ಟಿಕೊಂಡದ್ದೋ? ಇಂಥದ್ದನ್ನು ಬೇರೆ ಯಾರಾದರೂ ಬರೆದುಕೊಟ್ಟಿದ್ದರೆ ಆಧಾರವೇನು ಎಂದು ಕೇಳಿ ಹೊಡೆದುಹಾಕುತ್ತಿದ್ದಳು. ಆದರೆ ಬೆರಳ ತುದಿಗೆ ಆ ಕಾಗದದ ಮೆತ್ತನೆ ಗೊತ್ತಿತ್ತು. ಆಮೇಲೆ ಅದು ಎಲ್ಲಿ ಹೋಯಿತು ಎಂಬುದು ಗೊತ್ತಿರಲಿಲ್ಲ. ಅಮ್ಮಿ ಅದನ್ನು ಹುಡುಕಿದ್ದಳು, ಅದೂ ಈಗ ನೆನಪಾಯಿತು, ಎರಡು ದಿನ ಪೆಟ್ಟಿಗೆಗಳನ್ನೆಲ್ಲ ತೆಗೆದು ಹಾಕಿ ಹುಡುಕಿದ್ದಳು, ಏನು ಹುಡುಕುತ್ತಿದ್ದೀ ಎಂದು ಯಾರೂ ಕೇಳಿರಲಿಲ್ಲ.

ಹೇಳದೇ ಎದ್ದು ಹೋಗಬಹುದಿತ್ತು. ಎಂಬತ್ತನಾಲ್ಕರ ಮುದುಕಿ, ಮೂವತ್ತು ವರ್ಷದ ಸಿಟ್ಟನ್ನು ಒಂದು ಜಾಗದಲ್ಲಿ ಇಟ್ಟುಕೊಂಡು ಬದುಕಿದವರು. ನೀವು ಸಿಟ್ಟಾದದ್ದು ನಿಮ್ಮ ಪರವಾಗಿ ನಿಂತ ಒಬ್ಬಳೇ ಒಬ್ಬಳ ಮೇಲೆ, ಮಾಫಿ ಕೇಳಿದಾಗ ನೀವು ಬಾಗಿಲು ಹಾಕಿದ್ದು ಅವಳಿಗೆ ಎಂದು ಈಗ ಹೇಳಿ ಏನು ಸಾಧಿಸಿದಂತಾಯಿತು? ನಿಜ ಎಂದು ಎಲ್ಲದನ್ನೂ ಎಲ್ಲರ ಮೇಲೆ ಎಸೆಯಬೇಕೇ? ಇದು ಕರುಣೆಯ ಮಾತು ಎಂದು ಒಂದು ಕ್ಷಣ ನಂಬಿದಳು. ಮರುಕ್ಷಣ ಅದು ಮೌಲ್ಯಮಾಪನ ಇದೆ ಅಂದಂಥದ್ದೇ ಮಾತು ಎಂದು ತಿಳಿಯಿತು. ಫೋಲ್ಡರಿನಿಂದ ಹಾಳೆ ತೆಗೆದು ಮಂಚದ ಮೇಲಿಟ್ಟಳು.

"ಫುಪ್ಪು, ಇದನ್ನ ಬರೆದಾಕಿ ನಾನು. ಅಮ್ಮಿ ಬರಿಬ್ಯಾಡ ಅಂದ್ಲು. ನಿಮ್ಮ ಕಾಗದ ತಂದು ನನ್ನ ಮುಂದೇ ಇಟ್ಲು. ನಾನು ನೋಡ್ಲಿಲ್ಲ."

ಫುಪ್ಪು ಹಾಳೆಯನ್ನು ಕೈಗೆತ್ತಿಕೊಂಡರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ಮೇಲಿನಿಂದ ಕೆಳಗೆ ನೋಡಿದರು, ನನ್ನ ಹೆಸರು ಇಲ್ಲದ ಜಾಗ ಯಾವುದು ಎಂದು ಕೇಳಿದರು. ಮುಸರತ್ ಬೆರಳಿಟ್ಟು ತೋರಿಸಿದಳು. ಓದು ಅಂದರು. ಓದಿದಳು. ಇನ್ನೊಂದು ಸಲ ಅಂದರು. ಇನ್ನೊಂದು ಸಲ ಓದಿದಳು. ಅಮ್ಮಿ ಅಂದ ಮಾತನ್ನು ಅವಳು ಅಂದ ಹಾಗೇ ಹೇಳು ಎಂದರು, ಅದನ್ನೂ ಹೇಳಿದಳು. ಬೈಯಲಿ, ಹೊರಗೆ ನಡಿ ಅನ್ನಲಿ, ಪಕ್ಕದಲ್ಲಿದ್ದ ಅಡಕತ್ತರಿಯನ್ನು ಎಸೆಯಲಿ ಎಂದು ಕಾದಳು. ಅದಕ್ಕೆ ಅವಳು ಸಿದ್ಧವಾಗಿದ್ದಳು, ಅದರಿಂದ ಸ್ವಲ್ಪ ಹಗುರಾಗಬಹುದು ಎಂಬ ಸ್ವಾರ್ಥವೂ ಇತ್ತು. ಫುಪ್ಪು ಬೈಯಲಿಲ್ಲ. ಅವರು ಅವಳ ಕಡೆ ನೋಡುತ್ತಲೇ ಇರಲಿಲ್ಲ. ಮೂರು ದಿನ ಜುಬೇರ್ ಬಂದು ಕರೆದ, ಮೂರು ದಿನವೂ ನಾನು ಇಲ್ಲೇ ಕುಂತಿದ್ದೆ ಎಂದು ತಮಗೆ ತಾವೇ ಹೇಳಿಕೊಂಡರು. ಒಳಗಿನಿಂದ ಬಂದ ಫಿಜಾ ಇಬ್ಬರ ಮುಖ ನೋಡಿ ಹಾಗೇ ನಿಂತಳು. ಬುರ್ಖಾ ತಗೊಂಡು ಬಾ ಎಂದರು ಫುಪ್ಪು ಅವಳಿಗೆ. ಎಲ್ಲಿಗೆ ದಾದಿ ಎಂದಳು. ದಾವಣಗೆರೆಗೆ ಎಂದರು.

ಮಂಚ ಹಿಡಿದು ಏಳಲು ಹೋದಾಗ ಮುಸರತ್ ತೋಳಿಗೆ ಕೈ ಕೊಟ್ಟಳು. ಫುಪ್ಪು ಆ ಕೈ ಬಿಡಿಸಿಕೊಂಡು ತಾವೇ ಎದ್ದರು.

"ಹೆಂಗಸ್ರು ಖಬರಸ್ತಾನದಾಗೆ ಹೋಗಂಗಿಲ್ಲ, ನನಗೂ ಗೊತ್ತೈತೆ. ಗೇಟ್ ಹೊರಗೇ ನಿಂತು ಮಾಫಿ ಕೇಳ್ತೀನಿ. ಆಕೀನ್ನ ಎಲ್ಲಿಟ್ಟಾರೆ? ಯಾವ ಕಡೆ ಮುಖ ಮಾಡಿ ಕೇಳ್ಬೇಕು ನಾನು, ಅದನ್ನ ಹೇಳು."

ಅಮ್ಮಿಯನ್ನು ಹೊತ್ತುಕೊಂಡು ಹೋದದ್ದನ್ನು ಮುಸರತ್ ಬಾಗಿಲಲ್ಲಿ ನಿಂತು ನೋಡಿದ್ದಳು, ಗಂಡಸರು ತಿರುಗಿ ಬಂದು ಕೈಕಾಲು ತೊಳೆದುಕೊಂಡದ್ದನ್ನು ನೋಡಿದ್ದಳು. ಮಣ್ಣಿನ ಗೋರಿ, ಕಲ್ಲು ಹಾಕಿರಲಿಲ್ಲ. ಗೇಟಿನ ಎಡಕ್ಕೋ, ಬಲಕ್ಕೋ, ಹಿಂದಿನ ಗೋಡೆಯ ಹತ್ತಿರವೋ ಎಂದು ಈ ಹದಿನೈದು ವರ್ಷದಲ್ಲಿ ಜುಬೇರ್‌ನನ್ನು ಒಂದು ಸಲವೂ ಕೇಳಿರಲಿಲ್ಲ. ಫುಪ್ಪು ಬುರ್ಖಾದ ಗುಂಡಿ ಹಾಕಿಕೊಂಡು ಉತ್ತರಕ್ಕೆ ಕಾಯುತ್ತ ನಿಂತಿದ್ದರು.

"ಗೊತ್ತಿಲ್ಲ ಫುಪ್ಪು," ಅಂದಳು.